ಲೂಕಾ ಹೋದದ್ದಕ್ಕಿಂತ ದೊಡ್ಡ ನಷ್ಟ: ಡ್ರಾಫ್ಟ್ ರಾತ್ರಿಯ ಟ್ರೇಡ್‌ಗಳನ್ನು ಹೇಗೆ ಅಳೆಯಬೇಕು?

2024ರ ಜನವರಿ 26ರ ರಾತ್ರಿ ಅಟ್ಲಾಂಟಾದಲ್ಲಿ ಲೂಕಾ ಡಾನ್ಚಿಚ್ 73 ಪಾಯಿಂಟ್ ಹೊಡೆದರು. 33 ಶಾಟ್‌ಗಳಲ್ಲಿ 25 ಬುಟ್ಟಿಗೆ ಬಿದ್ದವು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಇತಿಹಾಸದಲ್ಲಿ ಆವತ್ತಿನವರೆಗೆ ಒಂದೇ ಆಟದಲ್ಲಿ ಅದಕ್ಕಿಂತ ಜಾಸ್ತಿ ಹೊಡೆದವರು ವಿಲ್ಟ್ ಚೇಂಬರ್ಲೇನ್ ಮತ್ತು ಕೋಬಿ ಬ್ರಯಂಟ್ ಇಬ್ಬರೇ. ಅವರ ತಂಡ ಡಲ್ಲಾಸ್ ಮ್ಯಾವೆರಿಕ್ಸ್ 148–143ರಲ್ಲಿ ಗೆದ್ದಿತು. ಯಾವ ಊರಲ್ಲಿ ಹೊಡೆದಿದ್ದರೂ 73 ದೊಡ್ಡ ಸಂಖ್ಯೆಯೇ. ಆದರೆ ಅಟ್ಲಾಂಟಾದಲ್ಲೇ ಹೊಡೆದದ್ದು ಆ ಊರಿನ ಅಭಿಮಾನಿಗಳಿಗೆ ಬೇರೆಯದೇ ಥರದ ನೋವು. ಯಾಕೆಂದರೆ 2018ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಆರಿಸುವ ರಾತ್ರಿ, ಲೂಕಾ ಅವರ ಹೆಸರು ಕೂಗಿಸಿದ್ದು ಅಟ್ಲಾಂಟಾ ಹಾಕ್ಸ್. ಅದೇ ರಾತ್ರಿ ಅವರನ್ನು ಡಲ್ಲಾಸ್‌ಗೆ ಕೊಟ್ಟುಬಿಟ್ಟದ್ದೂ ಹಾಕ್ಸ್.

ಹಾಕ್ಸ್ ಅಭಿಮಾನಿಗಳು ನಾಲ್ಕು ಜನ ಸೇರಿದರೆ 2018ರ ಮಾತು ಬಂದೇ ಬರುತ್ತದೆ. ‘ಲೂಕಾ ಇದ್ದಿದ್ದರೆ’ ಎಂದು ಶುರುವಾದರೆ ಮಾತು ಮುಗಿಯುವುದೇ ಇಲ್ಲ. ಆ ಸಂಕಟ ನಿಜವಾದದ್ದು, ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಡ್ರಾಫ್ಟ್ ರಾತ್ರಿಯ ಟ್ರೇಡ್‌ಗಳನ್ನು, ಅಂದರೆ ತಂಡಗಳು ತಮ್ಮೊಳಗೆ ಮಾಡಿಕೊಳ್ಳುವ ಅದಲುಬದಲುಗಳನ್ನು, ಹಿಂತಿರುಗಿ ನೋಡುವಾಗ ನಾವೆಲ್ಲ ಸಾಮಾನ್ಯವಾಗಿ ಒಂದೇ ಕಡೆ ಕಣ್ಣಿಡುತ್ತೇವೆ. ಬಿಟ್ಟುಕೊಟ್ಟ ಆಟಗಾರ ಕಣ್ಣೆದುರೇ ಆಡುತ್ತಿರುತ್ತಾನೆ. ಅವನ ಹೆಸರು, ಮುಖ, ಪಾಯಿಂಟ್ ಎಲ್ಲ ನಮಗೆ ಗೊತ್ತು. ಬಿಟ್ಟುಕೊಟ್ಟ ಪಿಕ್‌ಗೆ, ಅಂದರೆ ಮುಂದಿನ ವರ್ಷ ಆಟಗಾರನನ್ನು ಆರಿಸುವ ಹಕ್ಕಿಗೆ, ಆವತ್ತಿಗೆ ಮುಖವೇ ಇರುವುದಿಲ್ಲ. ನನ್ನ ಪ್ರಕಾರ ತಂಡಗಳು ನಿಜವಾಗಿ ಮುಳುಗುವುದು ಆ ಮುಖವಿಲ್ಲದ ಪಿಕ್‌ನಿಂದ. 2025ರ ಜೂನ್‌ನಲ್ಲಿ ನ್ಯೂ ಆರ್ಲಿಯನ್ಸ್ ಮಾಡಿದ ಟ್ರೇಡ್ ಇದಕ್ಕೆ ಹೊಸ ಉದಾಹರಣೆ. ಅದರ ಇನ್ನೊಂದು ತುದಿಯಲ್ಲಿ ಇರುವುದೂ ಅಟ್ಲಾಂಟಾನೇ.

ಐಪಿಎಲ್ ಹರಾಜು ನೋಡಿ ಅಭ್ಯಾಸವಾದವರಿಗೆ ಡ್ರಾಫ್ಟ್ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ, ಸರದಿ ಇರುತ್ತದೆ. ಕಾಲೇಜಿನಿಂದ, ವಿದೇಶದ ಲೀಗ್‌ಗಳಿಂದ ಬರುವ ಹುಡುಗರನ್ನು 30 ತಂಡಗಳು ಎರಡು ಸುತ್ತಿನಲ್ಲಿ ಒಬ್ಬೊಬ್ಬರಾಗಿ ಆರಿಸುತ್ತವೆ. ಹಿಂದಿನ ಸೀಸನ್‌ನಲ್ಲಿ ಹೆಚ್ಚು ಸೋತ ತಂಡಕ್ಕೆ ಮುಂಚೆ ಆರಿಸುವ ಅವಕಾಶ ಜಾಸ್ತಿ. ಆದರೆ ಬೇಕೆಂದೇ ಸೋಲುವುದನ್ನು ತಡೆಯಲು ಮೇಲಿನ ಕೆಲವು ಸ್ಥಾನಗಳನ್ನು ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. 2019ರಲ್ಲಿ ಬಂದ ಪದ್ಧತಿಯಲ್ಲಿ ಅತಿ ಕೆಟ್ಟ ಮೂರು ತಂಡಗಳಿಗೂ ಮೊದಲ ಸ್ಥಾನ ಸಿಗುವ ಸಾಧ್ಯತೆ ತಲಾ ಶೇ 14.

ಈ ಸರದಿಯನ್ನು ಮಾರಬಹುದು, ಬದಲಾಯಿಸಿಕೊಳ್ಳಬಹುದು. ಈ ವರ್ಷದ್ದು ಮಾತ್ರವಲ್ಲ, ಮುಂದಿನ ಏಳು ವರ್ಷದ ಪಿಕ್‌ಗಳನ್ನೂ ಕೊಡಬಹುದು. ಜಾಣ ತಂಡ ಕೊಡುವಾಗ ಒಂದು ಷರತ್ತು ಹಾಕುತ್ತದೆ: ‘ನಮ್ಮ ಪಿಕ್ ಮೊದಲ ಐದರೊಳಗೆ ಬಂದರೆ ಅದು ನಮಗೇ ಉಳಿಯಬೇಕು’. ಇದನ್ನು ಪ್ರೊಟೆಕ್ಷನ್ ಅನ್ನುತ್ತಾರೆ. ತಂಡ ನಿರೀಕ್ಷೆಗಿಂತ ಕೆಟ್ಟದಾಗಿ ಆಡಿಬಿಟ್ಟರೆ ಕಾಪಾಡುವುದು ಇದೊಂದೇ. ಈ ಷರತ್ತು ಇದೆಯೋ ಇಲ್ಲವೋ ಎನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

2017–18ರ ಸೀಸನ್‌ನಲ್ಲಿ ಅಟ್ಲಾಂಟಾ ಮತ್ತು ಡಲ್ಲಾಸ್ ಎರಡೂ 24 ಆಟ ಗೆದ್ದು 58 ಸೋತಿದ್ದವು. ಒಂದೇ ದಾಖಲೆ. ಲಾಟರಿಯಲ್ಲಿ ಅಟ್ಲಾಂಟಾಗೆ ಮೂರನೇ ಸ್ಥಾನ ಬಂತು, ಡಲ್ಲಾಸ್ ಐದಕ್ಕೆ ಜಾರಿತು. ಡಲ್ಲಾಸ್‌ಗೆ ಲೂಕಾ ಬೇಕೇ ಬೇಕಾಗಿತ್ತು. ಹಾಗಾಗಿ ಎರಡು ಸ್ಥಾನ ಮೇಲೆ ಬರಲು ಬೆಲೆ ಕೊಡಬೇಕಾಯಿತು. ಜೂನ್ 21ರಂದು ಬ್ರೂಕ್ಲಿನ್‌ನ ವೇದಿಕೆಯಲ್ಲಿ ನಡೆದದ್ದು ಇಷ್ಟು: ಲೂಕಾ ಹಾಕ್ಸ್ ಟೋಪಿ ಹಾಕಿಕೊಂಡು ಕಮಿಷನರ್ ಆಡಂ ಸಿಲ್ವರ್ ಕೈಕುಲುಕಿದರು. ಸ್ವಲ್ಪ ಹೊತ್ತಿಗೆ ಡಲ್ಲಾಸ್ ಐದನೇ ಸ್ಥಾನದಲ್ಲಿ ಆರಿಸಿದ ಟ್ರೇ ಯಂಗ್, ಕೋಟಿನ ಕೆಳಗೆ ಚಡ್ಡಿ ತೊಟ್ಟು ಬಂದವರು, ಮ್ಯಾವೆರಿಕ್ಸ್ ಟೋಪಿ ಹಾಕಿಕೊಂಡು ಅದೇ ಕೈ ಕುಲುಕಿದರು. ಇಬ್ಬರ ತಲೆಯ ಮೇಲೂ ತಾವು ಎಂದೂ ಆಡದ ತಂಡದ ಟೋಪಿ. ಲೂಕಾ ಡಲ್ಲಾಸ್‌ಗೆ ಹೋದರು. ಟ್ರೇ ಯಂಗ್ ಮತ್ತು 2019ರ ಡಲ್ಲಾಸ್ ಪಿಕ್ ಅಟ್ಲಾಂಟಾಗೆ ಬಂದವು. ಡಲ್ಲಾಸ್ ಆ ಪಿಕ್‌ಗೆ ಮೊದಲ ಐದರ ಷರತ್ತು ಹಾಕಿತ್ತು.

ಆವತ್ತು ಗೊತ್ತಿದ್ದದ್ದೇನು? ಲೂಕಾ 19 ವರ್ಷಕ್ಕೇ ರಿಯಲ್ ಮ್ಯಾಡ್ರಿಡ್ ಪರ ಯೂರೋಲೀಗ್ ಗೆದ್ದು ಆ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡಿದ್ದರು. ಅದಕ್ಕೂ ಮುಂಚೆ 2017ರಲ್ಲಿ ಸ್ಲೊವೇನಿಯಾ ಯುರೋಪಿಯನ್ ಚಾಂಪಿಯನ್ ಆದಾಗ ಆ ತಂಡದಲ್ಲಿದ್ದರು. ಇದಕ್ಕಿಂತ ದೊಡ್ಡ ಪುರಾವೆ ಇನ್ನೇನು ಬೇಕಿತ್ತು ಎಂದು ಕೇಳಿದರೆ ಆ ಪ್ರಶ್ನೆ ಸರಿಯಾದದ್ದೇ. ಆದರೆ ಆ ಪುರಾವೆ ಎಲ್ಲರ ಎದುರಿಗೂ ಇತ್ತು. ಮೊದಲ ಪಿಕ್ ಇದ್ದ ಫೀನಿಕ್ಸ್‌ನ ಕೋಚ್ ಇಗೊರ್ ಕೊಕೊಷ್ಕೊವ್, ಸ್ಲೊವೇನಿಯಾವನ್ನು ಗೆಲ್ಲಿಸಿದ್ದ ಅದೇ ಕೋಚ್. ಆದರೂ ಫೀನಿಕ್ಸ್ ಡಿಯಾಂಡ್ರೆ ಏಟನ್ ಅವರನ್ನು ಆರಿಸಿತು. ಎರಡನೇ ಪಿಕ್ ಇದ್ದ ಸ್ಯಾಕ್ರಮೆಂಟೊದ ಮುಖ್ಯಸ್ಥರು ವ್ಲಾಡೆ ಡಿವಾಟ್ಸ್. ಸರ್ಬಿಯಾದಿಂದ ಬಂದು ಎನ್‌ಬಿಎಯಲ್ಲಿ ಮೆರೆದವರು. 1996ರಲ್ಲಿ ಕೋಬಿ ಬ್ರಯಂಟ್‌ಗಾಗಿ ಲೇಕರ್ಸ್ ತಂಡ ಶಾರ್ಲಟ್ ತಂಡಕ್ಕೆ ಕೊಟ್ಟದ್ದು ಇದೇ ಡಿವಾಟ್ಸ್ ಅವರನ್ನು. ಅವರೂ ಲೂಕಾ ಅವರನ್ನು ಬಿಟ್ಟು ಮಾರ್ವಿನ್ ಬ್ಯಾಗ್ಲಿ ಅವರನ್ನು ತೆಗೆದುಕೊಂಡರು. ಈ ಎರಡು ತಂಡಗಳಿಗೆ ಬದಲಿಗೆ ಸಿಕ್ಕಿದ್ದು ಲೂಕಾ ಮಟ್ಟದ ಹತ್ತಿರಕ್ಕೂ ಬರಲಿಲ್ಲ. ಅಟ್ಲಾಂಟಾಗೆ ಸಿಕ್ಕಿದ್ದು ಟ್ರೇ ಯಂಗ್ ಮತ್ತು ಮೇಲೊಂದು ಪಿಕ್.

ಟ್ರೇ ಯಂಗ್ ಸುಮ್ನೆ ಸಿಕ್ಕ ಹೆಸರೂ ಅಲ್ಲ. ಓಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಒಂದೇ ಸೀಸನ್‌ನಲ್ಲಿ ಇಡೀ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಪಾಯಿಂಟ್ ಪಟ್ಟಿಯಲ್ಲೂ ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕಲು ಕೊಟ್ಟ ಪಾಸ್) ಪಟ್ಟಿಯಲ್ಲೂ ಮೊದಲ ಸ್ಥಾನ ಪಡೆದಿದ್ದರು. ಆವತ್ತಿನ ಹಾಕ್ಸ್ ಜನರಲ್ ಮ್ಯಾನೇಜರ್ ಟ್ರಾವಿಸ್ ಷ್ಲೆಂಕ್ ಬಂದದ್ದು ಗೋಲ್ಡನ್ ಸ್ಟೇಟ್ ತಂಡದಿಂದ. ದೂರದಿಂದ ಎಸೆಯುವ ಸಣ್ಣ ಆಳ್ತನದ ಗಾರ್ಡ್ (ಚೆಂಡು ನಡೆಸುವ ಆಟಗಾರ) ಒಬ್ಬ, ಸ್ಟೀಫನ್ ಕರಿ, ಇಡೀ ಲೀಗನ್ನೇ ಬದಲಾಯಿಸಿದ್ದನ್ನು ಅವರು ಹತ್ತಿರದಿಂದ ನೋಡಿದ್ದರು. 2021ರಲ್ಲಿ ಅವರ ಲೆಕ್ಕ ಸರಿ ಅನ್ನಿಸಿದ ಕೆಲವು ವಾರಗಳಿದ್ದವು. ಯಂಗ್ ನ್ಯೂಯಾರ್ಕ್ ತಂಡವನ್ನು ಅವರದೇ ಅಂಗಳದಲ್ಲಿ ಮಣಿಸಿದರು. ಫಿಲಡೆಲ್ಫಿಯಾವನ್ನು ಏಳನೇ ಆಟದಲ್ಲಿ ಸೋಲಿಸಿ ಹಾಕ್ಸ್ ತಂಡ ಈಸ್ಟರ್ನ್ ಕಾನ್ಫರೆನ್ಸ್ ಫೈನಲ್ (ಲೀಗಿನ ಪೂರ್ವ ಭಾಗದ ಫೈನಲ್) ತಲುಪಿತು. ಅಲ್ಲಿ ಮಿಲ್ವಾಕಿ ವಿರುದ್ಧ ಮೂರನೇ ಆಟದಲ್ಲಿ ರೆಫರಿಯೊಬ್ಬರ ಪಾದದ ಮೇಲೆ ಯಂಗ್ ಕಾಲಿಟ್ಟು ಕಣಕಾಲು ತಿರುಚಿಕೊಂಡಿತು. ಆ ಸಂಜೆ ನೋಡಿದವರಿಗೆ ಈಗಲೂ ಮರೆಯಲಾಗದು. ಹಾಕ್ಸ್ 4–2ರಲ್ಲಿ ಸೋತಿತು, ಮತ್ತೆ ಅಷ್ಟು ಎತ್ತರಕ್ಕೆ ಯಂಗ್ ಜೊತೆ ಏರಲಿಲ್ಲ.

ಲೂಕಾ ಹೆಚ್ಚು ದೊಡ್ಡ ಆಟಗಾರ, ಅದರಲ್ಲಿ ಅನುಮಾನವೇ ಬೇಡ. 2020ರಿಂದ 2024ರವರೆಗೆ ಐದು ವರ್ಷವೂ ಆಲ್–ಎನ್‌ಬಿಎ ಮೊದಲ ತಂಡದಲ್ಲಿ, ಅಂದರೆ ವರ್ಷದ ಅತ್ಯುತ್ತಮ ಐವರ ಪಟ್ಟಿಯಲ್ಲಿ, ಅವರ ಹೆಸರಿತ್ತು. ಅಟ್ಲಾಂಟಾ ಒಬ್ಬ ಆಟಗಾರನನ್ನು ತಪ್ಪಾಗಿ ಅಳೆಯಿತು, ಅಷ್ಟೇ. ಆದರೆ ಆ ತಪ್ಪಿನಲ್ಲೂ ಕೈಗೆ ಏನೋ ಉಳಿಯಿತು. ಇದನ್ನು ಸ್ವಲ್ಪ ಹಿಂಬಾಲಿಸಿ ನೋಡುವುದು ಒಳ್ಳೆಯದು, ಯಾಕೆಂದರೆ ಈ ಎಳೆ ಎಲ್ಲಿಗೆ ಹೋಗುತ್ತದೆ ಎಂದು ಹೆಚ್ಚಿನವರು ಗಮನಿಸುವುದಿಲ್ಲ.

ಡಲ್ಲಾಸ್‌ನಿಂದ ಬಂದ ಪಿಕ್ 2019ರಲ್ಲಿ ಹತ್ತನೆಯದಾಯಿತು. ಹಾಕ್ಸ್ ಅದರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮ್ ರೆಡಿಶ್ ಅವರನ್ನು ಆರಿಸಿತು. ರೆಡಿಶ್ ನಿರೀಕ್ಷೆಯಷ್ಟು ಬೆಳೆಯಲಿಲ್ಲ. 2022ರ ಜನವರಿಯಲ್ಲಿ ಅವರನ್ನು ನ್ಯೂಯಾರ್ಕ್‌ಗೆ ಕೊಟ್ಟು ಶಾರ್ಲಟ್ ತಂಡದ ಒಂದು ಷರತ್ತಿನ ಪಿಕ್ ಪಡೆದರು. ಅದೇ ವರ್ಷದ ಬೇಸಿಗೆಯಲ್ಲಿ ಆ ಪಿಕ್ ಡಿಜಾಂಟೆ ಮರ್ರೆ ಅವರನ್ನು ತರಲು ಸ್ಯಾನ್ ಆಂಟೋನಿಯೊಗೆ ಹೋಯಿತು. 2024ರಲ್ಲಿ ಮರ್ರೆ ಅವರನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟಾಗ ಬಂದವರಲ್ಲಿ ಆಸ್ಟ್ರೇಲಿಯಾದ ಡೈಸನ್ ಡೇನಿಯಲ್ಸ್ ಒಬ್ಬರು. ಮೊದಲ ಸೀಸನ್‌ನಲ್ಲೇ ಡೇನಿಯಲ್ಸ್ 229 ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಮಾಡಿ ಲೀಗಿನಲ್ಲಿ ಮೊದಲಿಗರಾದರು. ಒಂದು ಆಟಕ್ಕೆ ಸರಾಸರಿ ಮೂರು ಸ್ಟೀಲ್ ಅನ್ನುವುದು 1990–91ರ ನಂತರ ಯಾರೂ ಮುಟ್ಟದ ಮಟ್ಟ. ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಲೂಕಾ ಅವರನ್ನು ಕೊಟ್ಟ ಟ್ರೇಡ್‌ನ ಒಂದು ತುಂಡು ಹೀಗೆ ಡೇನಿಯಲ್ಸ್ ಆಗಿ ಅಟ್ಲಾಂಟಾದಲ್ಲಿ ಆಡುತ್ತಿದೆ.

ಹಾಗಂತ ಆ ಸರಪಳಿಯಲ್ಲಿ ಎಲ್ಲವೂ ಸರಿಯಿತ್ತು ಅಂತಲ್ಲ. ನನ್ನನ್ನು ಕೇಳಿದರೆ ಹಾಕ್ಸ್ ಮಾಡಿದ ಕೆಟ್ಟ ಟ್ರೇಡ್ ಲೂಕಾ ಅವರದ್ದಲ್ಲ, 2022ರಲ್ಲಿ ಮರ್ರೆ ಅವರನ್ನು ತಂದದ್ದು. ಶಾರ್ಲಟ್ ಪಿಕ್ ಜೊತೆಗೆ ತಮ್ಮದೇ 2025 ಮತ್ತು 2027ರ ಮೊದಲ ಸುತ್ತಿನ ಪಿಕ್‌ಗಳನ್ನು ಅವರು ಯಾವ ಷರತ್ತೂ ಇಲ್ಲದೆ ಕೊಟ್ಟರು. 2026ರಲ್ಲಿ ಸ್ಥಾನ ಅದಲುಬದಲು ಮಾಡಿಕೊಳ್ಳುವ ಹಕ್ಕನ್ನೂ ಕೊಟ್ಟರು. ಎರಡು ಸೀಸನ್‌ಗೆ ಮರ್ರೆ ಹೋದರು. ಪಿಕ್‌ಗಳು ಸ್ಯಾನ್ ಆಂಟೋನಿಯೊದಲ್ಲೇ ಉಳಿದವು. ಈ ಟ್ರೇಡ್ ಬಗ್ಗೆ ಹಾಕ್ಸ್ ಅಭಿಮಾನಿಗಳು ಮಾತಾಡುವುದಿಲ್ಲ ಅಂತಲ್ಲ. ಆದರೆ ಲೂಕಾ ಬಗ್ಗೆ ಆಡುವ ಮಾತಿನ ಕಾಲು ಭಾಗವೂ ಇದಕ್ಕೆ ಸಿಗುವುದಿಲ್ಲ. ಪಿಕ್ 73 ಪಾಯಿಂಟ್ ಹೊಡೆಯುವುದಿಲ್ಲವಲ್ಲ.

ಇನ್ನು ಡಲ್ಲಾಸ್ ಕಡೆ. ‘ಗೆದ್ದ’ ತಂಡದ ಅಭಿಮಾನಿಗಳು ಆರೂವರೆ ವರ್ಷ ನೆಮ್ಮದಿಯಾಗಿದ್ದರು. ಅವರಿಗೆ ಈ ಥರದ ಅದೃಷ್ಟ ಹೊಸದಲ್ಲ. 1998ರ ಡ್ರಾಫ್ಟ್‌ನಲ್ಲೂ ರಾಬರ್ಟ್ ಟ್ರೇಲರ್ ಅವರನ್ನು ಮಿಲ್ವಾಕಿಗೆ ಕೊಟ್ಟು ಡರ್ಕ್ ನೊವಿಟ್ಸ್ಕಿ ಅವರನ್ನು ಪಡೆದಿದ್ದರು. ಡರ್ಕ್ 21 ಸೀಸನ್ ಅಲ್ಲೇ ಆಡಿ 2011ರಲ್ಲಿ ಚಾಂಪಿಯನ್‌ಶಿಪ್ ತಂದುಕೊಟ್ಟರು. ಲೂಕಾ ಕೂಡ ಹಾಗೇ ಇರುತ್ತಾರೆ ಎಂದು ನಂಬಿದ್ದವರಿಗೆ 2025ರ ಫೆಬ್ರುವರಿಯಲ್ಲಿ ಬಂದ ಸುದ್ದಿ ಸಿಡಿಲಿನಂತೆ ಎರಗಿತು. ಅವರದೇ ಆಡಳಿತ ಲೂಕಾ ಅವರನ್ನು ಲೇಕರ್ಸ್‌ಗೆ ಕೊಟ್ಟು ಆಂಟನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು 2029ರ ಒಂದು ಪಿಕ್ ತಂದಿತ್ತು. ಅರೇನಾದ ಹೊರಗೆ ಜನ ಶವಪೆಟ್ಟಿಗೆ ಇಟ್ಟು ಪ್ರತಿಭಟಿಸಿದರು. ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ಅವರನ್ನು ಅದೇ ವರ್ಷ ನವೆಂಬರ್‌ನಲ್ಲಿ ತೆಗೆದುಹಾಕಿದರು. 2026ರ ಜನವರಿಯಲ್ಲಿ ಅಟ್ಲಾಂಟಾ ಕೂಡ ಟ್ರೇ ಯಂಗ್ ಅವರನ್ನು ವಾಷಿಂಗ್ಟನ್‌ಗೆ ಕೊಟ್ಟು ಸಿಜೆ ಮೆಕಾಲಮ್ ಮತ್ತು ಕೋರಿ ಕಿಸ್ಪರ್ಟ್ ಅವರನ್ನು ತಂದಿತು. 2018ರ ಆ ರಾತ್ರಿ ಅದಲುಬದಲಾದ ಇಬ್ಬರೂ ಈಗ ಆ ಊರುಗಳಲ್ಲಿಲ್ಲ. ಹಾಗಾದರೆ ಆ ಟ್ರೇಡ್‌ನಲ್ಲಿ ಗೆದ್ದವರು ಯಾರು ಎಂದು ಯಾವ ತಾರೀಖಿಗೆ ಲೆಕ್ಕ ಹಾಕೋಣ? 2021ರ ಜೂನ್‌ನಲ್ಲಿ ನಿಂತು ನೋಡಿದರೆ ಒಂದು ಉತ್ತರ, ಲೂಕಾ ಇದ್ದ ಡಲ್ಲಾಸ್ ಫೈನಲ್ ಆಡಿದ 2024ರ ಜೂನ್‌ನಲ್ಲಿ ಇನ್ನೊಂದು.

ಫಲಿತಾಂಶ ಹೀಗೆ ವರ್ಷಕ್ಕೊಂದು ಬಣ್ಣ ಬದಲಾಯಿಸುತ್ತದೆ. ಅದಕ್ಕೇ ನಾನು ಆ ರಾತ್ರಿಯ ತೀರ್ಮಾನವನ್ನು ಬೇರೆಯಾಗಿ ನೋಡುತ್ತೇನೆ. ಯಾರನ್ನು ಕೊಟ್ಟರು ಅನ್ನುವುದಕ್ಕಿಂತ, ತಮ್ಮ ತಂಡದ ಬಗ್ಗೆ ತಾವೇ ಏನು ನಂಬಿ ಕೊಟ್ಟರು ಅನ್ನುವುದು ಮುಖ್ಯ. ಷರತ್ತಿಲ್ಲದ ಪಿಕ್ ಕೊಡುವ ತಂಡ ‘ಮುಂದಿನ ವರ್ಷ ನಾವು ಸೋಲುವುದಿಲ್ಲ’ ಎಂದು ಬರೆದುಕೊಟ್ಟ ಹಾಗೆ.

ಬ್ರೂಕ್ಲಿನ್ ನೆಟ್ಸ್ ತಂಡ ಅದನ್ನೇ ಬರೆದುಕೊಟ್ಟಿತ್ತು. 2013ರ ಡ್ರಾಫ್ಟ್ ರಾತ್ರಿ, ಜೂನ್ 27ರಂದು, ನೆಟ್ಸ್ ಮತ್ತು ಬಾಸ್ಟನ್ ಒಪ್ಪಂದಕ್ಕೆ ಬಂದವು. ನೆಟ್ಸ್‌ಗೆ 37 ವರ್ಷದ ಕೆವಿನ್ ಗಾರ್ನೆಟ್, 35 ವರ್ಷದ ಪಾಲ್ ಪಿಯರ್ಸ್, ಜೊತೆಗೆ ಜೇಸನ್ ಟೆರ್ರಿ ಬಂದರು. ಬಾಸ್ಟನ್‌ಗೆ ಕೆಲವು ಆಟಗಾರರ ಜೊತೆ 2014, 2016 ಮತ್ತು 2018ರ ಮೊದಲ ಸುತ್ತಿನ ಪಿಕ್‌ಗಳು, ಮೇಲೆ 2017ರಲ್ಲಿ ಸ್ಥಾನ ಬದಲಾಯಿಸಿಕೊಳ್ಳುವ ಹಕ್ಕು. ಒಂದಕ್ಕೂ ಷರತ್ತಿಲ್ಲ. ವರ್ಷ ಬಿಟ್ಟು ವರ್ಷ ಯಾಕೆ ಅಂದರೆ ಅದಕ್ಕೊಂದು ನಿಯಮವಿದೆ. 1980ರ ದಶಕದ ಶುರುವಿನಲ್ಲಿ ಕ್ಲೀವ್‌ಲ್ಯಾಂಡ್ ಮಾಲೀಕ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನು ಒಂದರ ಹಿಂದೊಂದು ಕೊಟ್ಟು ತಂಡವನ್ನು ಬರಿದು ಮಾಡಿದ್ದರು. ಆಮೇಲೆ ಲೀಗ್, ಮುಂದಿನ ಸತತ ಎರಡು ವರ್ಷ ಮೊದಲ ಸುತ್ತಿನ ಪಿಕ್ಕೇ ಇಲ್ಲದಂತೆ ಯಾರೂ ಟ್ರೇಡ್ ಮಾಡುವಂತಿಲ್ಲ ಎಂದು ಕಟ್ಟು ಹಾಕಿತು. ಮಧ್ಯದ ವರ್ಷಕ್ಕೆ ‘ಬದಲಾಯಿಸಿಕೊಳ್ಳುವ ಹಕ್ಕು’ ಕೊಟ್ಟರೆ ನಿಯಮ ಮುರಿದಂತಾಗುವುದಿಲ್ಲ. ಪರಿಣಾಮ ಮಾತ್ರ ಹೆಚ್ಚುಕಡಿಮೆ ಅದೇ.

ಪಿಯರ್ಸ್ ಒಂದೇ ಸೀಸನ್ ಆಡಿ ಹೊರಟರು. ಗಾರ್ನೆಟ್ ಅವರನ್ನು 2015ರ ಫೆಬ್ರುವರಿಯಲ್ಲಿ ಬೇರೆ ತಂಡಕ್ಕೆ ಕಳುಹಿಸಿದರು. 2016ರಲ್ಲಿ ನೆಟ್ಸ್ ಪಿಕ್ ಮೂರನೆಯದಾಗಿ ಬಂತು, ಬಾಸ್ಟನ್ ಜೇಲನ್ ಬ್ರೌನ್ ಅವರನ್ನು ಆರಿಸಿತು. 2016–17ರಲ್ಲಿ ನೆಟ್ಸ್ 20 ಗೆದ್ದು 62 ಸೋತು ಲೀಗಿನಲ್ಲೇ ಕೊನೆಗೆ ನಿಂತಿತು. ಲಾಟರಿಯಲ್ಲಿ ಮೊದಲ ಸ್ಥಾನ ಅವರದೇ ಬಂತು, ಅದೂ ಬಾಸ್ಟನ್ ಪಾಲಾಯಿತು. ಬಾಸ್ಟನ್ ಅದನ್ನು ಫಿಲಡೆಲ್ಫಿಯಾಗೆ ಕೊಟ್ಟು ಮೂರನೇ ಪಿಕ್ ಮತ್ತು ಮುಂದಿನ ಇನ್ನೊಂದು ಪಿಕ್ ತೆಗೆದುಕೊಂಡಿತು. ಫಿಲಡೆಲ್ಫಿಯಾ ಮಾರ್ಕೆಲ್ ಫುಲ್ಟ್ಸ್ ಅವರನ್ನು ಆರಿಸಿತು, ಬಾಸ್ಟನ್ ಜೇಸನ್ ಟೇಟಮ್ ಅವರನ್ನು. 2024ರ ಫೈನಲ್‌ನಲ್ಲಿ ಬ್ರೌನ್ ಮತ್ತು ಟೇಟಮ್ ಇದ್ದ ಬಾಸ್ಟನ್, ಲೂಕಾ ಇದ್ದ ಡಲ್ಲಾಸನ್ನು 4–1ರಲ್ಲಿ ಸೋಲಿಸಿತು. ಡ್ರಾಫ್ಟ್ ರಾತ್ರಿ ಕೈಗೆ ಬಂದ ಒಬ್ಬ ಮಹಾನ್ ಆಟಗಾರ ಒಂದು ಕಡೆ, ಡ್ರಾಫ್ಟ್ ರಾತ್ರಿ ಬಂದ ಹೆಸರಿಲ್ಲದ ಪಿಕ್‌ಗಳು ಇನ್ನೊಂದು ಕಡೆ. ಆ ಸರಣಿ ನನಗೆ ಹಾಗೇ ಕಂಡಿತು. ನೆಟ್ಸ್ ಅಭಿಮಾನಿಗಳ ಪಾಡನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಸೋಲುವ ತಂಡದ ಅಭಿಮಾನಿಗೆ ‘ಮುಂದಿನ ಡ್ರಾಫ್ಟ್‌ನಲ್ಲಿ ಒಳ್ಳೆ ಹುಡುಗ ಸಿಗುತ್ತಾನೆ’ ಎನ್ನುವ ಒಂದೇ ಒಂದು ಸಮಾಧಾನ ಇರುತ್ತದೆ. ಅವರಿಗೆ ಅದೂ ಇರಲಿಲ್ಲ.

ಇಷ್ಟೆಲ್ಲ ನಡೆದಮೇಲೆ, 2025ರ ಜೂನ್ 25ರಂದು ನ್ಯೂ ಆರ್ಲಿಯನ್ಸ್ ಪೆಲಿಕನ್ಸ್ ಮಾಡಿದ್ದನ್ನು ನೋಡಿ. ಆಗಷ್ಟೇ 21 ಆಟ ಗೆದ್ದು 61 ಸೋತಿದ್ದ ತಂಡ. ಏಪ್ರಿಲ್‌ನಲ್ಲಿ ಜೋ ಡುಮಾರ್ಸ್ ಹೊಸ ಮುಖ್ಯಸ್ಥರಾಗಿ ಬಂದಿದ್ದರು. ಡ್ರಾಫ್ಟ್‌ನಲ್ಲಿ ಏಳನೇ ಪಿಕ್‌ನಲ್ಲಿ ಜೆರೆಮಯಾ ಫಿಯರ್ಸ್ ಅವರನ್ನು ಆರಿಸಿ ಆಗಿತ್ತು. ಮೇರಿಲ್ಯಾಂಡ್‌ನ ಡೆರಿಕ್ ಕ್ವೀನ್ ಇನ್ನೂ ಉಳಿದಿದ್ದರು. 13ನೇ ಪಿಕ್ ಅಟ್ಲಾಂಟಾ ಕೈಯಲ್ಲಿತ್ತು. ಅದಕ್ಕಾಗಿ ಪೆಲಿಕನ್ಸ್ ತಮ್ಮ 23ನೇ ಪಿಕ್ ಕೊಟ್ಟಿತು. ಅದರ ಜೊತೆಗೆ 2026ರ ಮೊದಲ ಸುತ್ತಿನ ಪಿಕ್ಕನ್ನೂ ಯಾವ ಷರತ್ತೂ ಇಲ್ಲದೆ ಕೊಟ್ಟಿತು. ಅದೂ ಹೇಗೆ? ತಮ್ಮ ಪಿಕ್ ಮತ್ತು ಮಿಲ್ವಾಕಿಯ ಪಿಕ್ ಎರಡರಲ್ಲಿ ಯಾವುದು ಮೇಲೆ ಬರುತ್ತದೋ ಅದು ಅಟ್ಲಾಂಟಾಗೆ. ಹತ್ತು ಸ್ಥಾನ ಮೇಲೇರಲು ಇಷ್ಟು ಬೆಲೆ. ಆ 23ನೇ ಪಿಕ್ ಕೂಡ ಬಿಟ್ಟಿ ಬಂದದ್ದಲ್ಲ. ಕೆಲವೇ ದಿನ ಮೊದಲು 2026ರ ಇಂಡಿಯಾನಾ ಪಿಕ್ಕನ್ನು ಇಂಡಿಯಾನಾಕ್ಕೇ ವಾಪಸ್ ಕೊಟ್ಟು ಪಡೆದದ್ದು. ಆ ಪಿಕ್ ಕೈಬಿಟ್ಟ ಮೇಲೆ, ಫೈನಲ್‌ನ ಏಳನೇ ಆಟದಲ್ಲಿ ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್ ಅವರ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿಯಿತು. ಅದನ್ನು ಮುಂಚೆಯೇ ಊಹಿಸಲು ಯಾರಿಗೂ ಸಾಧ್ಯವಿರಲಿಲ್ಲ, ಆ ಭಾಗಕ್ಕೆ ನಾನು ಪೆಲಿಕನ್ಸ್ ಆಡಳಿತವನ್ನು ದೂರುವುದಿಲ್ಲ.

ಆದರೆ ತಮ್ಮ ಮನೆಯ ಸ್ಥಿತಿ ಅವರಿಗೆ ಗೊತ್ತಿತ್ತು, ಅಲ್ವಾ? ಅಟ್ಲಾಂಟಾದಿಂದ ತಂದಿದ್ದ ಡಿಜಾಂಟೆ ಮರ್ರೆ ಅವರ ಅಕಿಲೀಸ್ ಅದೇ ವರ್ಷ ಜನವರಿ ಕೊನೆಯಲ್ಲಿ ಹರಿದಿತ್ತು. ಹೊಸ ಸೀಸನ್ ಶುರುವಾದಾಗ ಅವರು ಆಡುವುದಿಲ್ಲ ಎಂಬುದು ಖಚಿತ. ತಂಡದ ತಾರೆ ಜಯಾನ್ ವಿಲಿಯಮ್ಸನ್ ಅವರ ಗಾಯಗಳ ಚರಿತ್ರೆ ಎಲ್ಲರಿಗೂ ಗೊತ್ತಿರುವಂಥದ್ದು. ತಂಡ ಇರುವುದು ಬಲಿಷ್ಠ ತಂಡಗಳೇ ತುಂಬಿದ ವೆಸ್ಟರ್ನ್ ಕಾನ್ಫರೆನ್ಸ್‌ನಲ್ಲಿ. ಅದರ ಮೇಲೆ 2026ರ ಡ್ರಾಫ್ಟ್‌ಗೆ ಬರಲಿದ್ದ ಹುಡುಗರ ಬಗ್ಗೆ, ಎಜೆ ಡಿಬಾಂಟ್ಸಾ, ಡ್ಯಾರಿನ್ ಪೀಟರ್ಸನ್, ಕ್ಯಾಮರನ್ ಬೂಜರ್ ಬಗ್ಗೆ, ಆಗಲೇ ಎಲ್ಲ ಕಡೆ ಮಾತು ನಡೆದಿತ್ತು. ಅಂಥ ವರ್ಷದ ಪಿಕ್ಕಿಗೆ ಕನಿಷ್ಠ ಮೊದಲ ನಾಲ್ಕರ ಷರತ್ತಾದರೂ ಹಾಕಬೇಕಿತ್ತು. ಅಟ್ಲಾಂಟಾ ಒಪ್ಪದಿದ್ದರೆ ಎದ್ದು ಬರಬೇಕಿತ್ತು. ಪ್ರತಿ ಪಿಕ್‌ಗೆ ಗಡಿಯಾರ ಓಡುತ್ತಿರುತ್ತದೆ, ಬೇಕಾದ ಹುಡುಗ ಇನ್ನೊಬ್ಬರ ಪಾಲಾಗುತ್ತಾನೆ ಎಂಬ ಆತಂಕ ಇರುತ್ತದೆ. ಅದು ಅರ್ಥವಾಗುತ್ತದೆ. ಆ ಆತಂಕವನ್ನು ತಡೆದುಕೊಳ್ಳಲೆಂದೇ ಇಷ್ಟು ದೊಡ್ಡ ಆಡಳಿತ ವರ್ಗವನ್ನು ಇಟ್ಟುಕೊಂಡಿರುವುದು.

ಸೀಸನ್ ಶುರುವಾಗಿ ಪೆಲಿಕನ್ಸ್ ಮೊದಲ 12ರಲ್ಲಿ 10 ಆಟ ಸೋತಿತು. ನವೆಂಬರ್ ಮಧ್ಯದಲ್ಲೇ ಕೋಚ್ ವಿಲ್ಲಿ ಗ್ರೀನ್ ಅವರನ್ನು ತೆಗೆದರು. ಆವತ್ತಿನಿಂದ ಅಟ್ಲಾಂಟಾ ಅಭಿಮಾನಿಗಳು ತಮ್ಮ ತಂಡದ ಜೊತೆ ನ್ಯೂ ಆರ್ಲಿಯನ್ಸ್ ಸ್ಕೋರನ್ನೂ ನೋಡತೊಡಗಿದರು. ನ್ಯೂ ಆರ್ಲಿಯನ್ಸ್ ಅಭಿಮಾನಿಗಳಿಗೆ ಪ್ರತಿ ಸೋಲೂ ಎರಡೆರಡು ಸಲ ಚುಚ್ಚತೊಡಗಿತು. ಏಳು ವರ್ಷ ಲೂಕಾ ಹೆಸರಲ್ಲಿ ಸಂಕಟಪಟ್ಟ ಊರು ಈ ಸಲ ಟ್ರೇಡ್‌ನ ಸರಿಯಾದ ಬದಿಯಲ್ಲಿ ನಿಂತಿದೆ. ಆಗ ಹಾಕ್ಸ್ ಆಡಳಿತ ವಹಿಸಿಕೊಂಡು ಇನ್ನೂ ಕೆಲವೇ ತಿಂಗಳಾಗಿದ್ದ ಆನ್ಸಿ ಸಾಲೆ ತಮಗಿಂತ ಕೆಳಗಿದ್ದ ತಂಡದ ಅತಿಯಾದ ಭರವಸೆಯನ್ನು ಗುರುತಿಸಿ ಬೆಲೆ ಕಟ್ಟಿದರು. ಕೊಟ್ಟದ್ದು ಹತ್ತು ಸ್ಥಾನ. 23ರಲ್ಲಿ ಏಸಾ ನ್ಯೂವೆಲ್ ಎಂಬ ಎತ್ತರದ ಹುಡುಗನೂ ಸಿಕ್ಕಿದ. 2026ರ ಪಿಕ್ ಯಾವ ಸಂಖ್ಯೆಗೆ ಬಂದು ನಿಂತರೂ, ಆ ರಾತ್ರಿ ಒಳ್ಳೆಯ ಟ್ರೇಡ್ ಮಾಡಿದ್ದು ಅಟ್ಲಾಂಟಾ ಎನ್ನುವ ನನ್ನ ಮಾತು ಬದಲಾಗುವುದಿಲ್ಲ.

ಒಂದು ವಿಷಯ ಮಾತ್ರ ಬೇಸರ ತರಿಸುತ್ತದೆ. ಡೆರಿಕ್ ಕ್ವೀನ್ ಚೆನ್ನಾಗಿಯೇ ಆಡುವ ಹುಡುಗ. ಇನ್ನೂ 21 ತುಂಬುವ ಮೊದಲೇ, ಡಿಸೆಂಬರ್‌ನಲ್ಲಿ ಸ್ಯಾನ್ ಆಂಟೋನಿಯೊ ವಿರುದ್ಧ 33 ಪಾಯಿಂಟ್, 10 ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), 10 ಅಸಿಸ್ಟ್ ಮಾಡಿ ತೋರಿಸಿದರು. ಅಷ್ಟು ದೊಡ್ಡ ದೇಹವಿಟ್ಟುಕೊಂಡು ಅಷ್ಟು ನಾಜೂಕಾಗಿ ಪಾಸ್ ಕೊಡುವವರು ಕಡಿಮೆ. ಬೇರೆ ಯಾವ ಟ್ರೇಡ್‌ನಲ್ಲಿ ಬಂದಿದ್ದರೂ 13ನೇ ಸ್ಥಾನಕ್ಕೆ ಎಂಥಾ ಹುಡುಗ ಸಿಕ್ಕಿದ ಎಂದು ಊರೆಲ್ಲ ಸಂಭ್ರಮಿಸುತ್ತಿತ್ತು. ಈಗ ಅವರ ಪ್ರತಿ ಆಟವನ್ನೂ, ಅಟ್ಲಾಂಟಾಗೆ ಹೋದ ಪಿಕ್‌ನಲ್ಲಿ ಬರುವ ಇನ್ನೊಬ್ಬನ ಆಟದ ಪಕ್ಕದಲ್ಲಿಟ್ಟು ನೋಡುತ್ತಾರೆ. ಟ್ರೇ ಯಂಗ್ ನಾಲ್ಕು ಸಲ ಆಲ್‌ಸ್ಟಾರ್ ಆದರೂ ಅಟ್ಲಾಂಟಾದಲ್ಲಿ ಆಡಿದ ಅಷ್ಟೂ ವರ್ಷ ಆ ಹೋಲಿಕೆ ಅವರ ಬೆನ್ನು ಬಿಡಲಿಲ್ಲ. ಅವರಾಗಲಿ ಕ್ವೀನ್ ಆಗಲಿ ಆ ಬೆಲೆ ನಿಗದಿ ಮಾಡಿದವರಲ್ಲ. ನ್ಯೂ ಆರ್ಲಿಯನ್ಸ್ ಅಭಿಮಾನಿಗಳು ಸಿಟ್ಟನ್ನು ಆಡಳಿತದ ಮೇಲೆ ಇಟ್ಟುಕೊಂಡು, ಕ್ವೀನ್ ಅವರ ಆಟವನ್ನು ಆಟವಾಗಿಯೇ ನೋಡಲಿ ಎಂದು ನನ್ನ ಆಸೆ.